ಕಾಟು ಮಾವು: ಹಣ್ಣು ಬಳಸೋಣ, ಮರ ಉಳಿಸೋಣ



ನಮ್ಮ ನೆಲ್ಯಾಡಿಯ ಸುತ್ತಮುತ್ತ ಕಾಟು ಮಾವಿನ ಮರಗಳಿವೆ. ತುಳುವಿನಲ್ಲಿ ಮಾವಿಗೆ ಕುಕ್ಕು ಎನ್ನುತ್ತೇವೆ. ಕಾಟು ಎಂದರೆ ಕಾಡಿನದು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಗುಡ್ಡದ ಬದಿ, ತೋಟದ ಕರೆ, ದಾರಿಯ ಪಕ್ಕ ತಾನಾಗಿ ಬೆಳೆದ ಮರ.

ಏಪ್ರಿಲ್ ಕೊನೆಯಿಂದ ಹಣ್ಣು ಬೀಳಲು ಸುರು. ಮೇ ತಿಂಗಳಲ್ಲಿ ಮರದ ಅಡಿಯಲ್ಲಿ ಕಾಲಿಡಲು ಜಾಗ ಇಲ್ಲ. ಮಕ್ಕಳು ತಿಂದರು, ದನ ತಿಂದಿತು. ಉಳಿದದ್ದು ಕೊಳೆಯಿತು. ನೊಣ ಮುತ್ತಿತು. ಗುಡಿಸಿ ಗುಡಿಸಿ ನಮಗೆ ಸಾಕಾಯಿತು.

ಆಗ ಮನೆಯಲ್ಲಿ ಒಂದು ಮಾತು ಬರುತ್ತದೆ. "ಈ ಮರದಿಂದ ಎಂತ ಲಾಭ? ಕಡಿದು ಬಿಡುವ."

ಹೀಗೆ ಎಷ್ಟೋ ಮರ ಹೋಗಿವೆ. ಗುಡ್ಡದಲ್ಲಿ ರಬ್ಬರ್ ಬಂತು. ಹೆದ್ದಾರಿ ಅಗಲವಾಗುವಾಗ ದಾರಿ ಬದಿಯ ಮರಗಳು ಉರುಳಿದವು. ಹೆದ್ದಾರಿಯ ಕೆಲಸ ನಮ್ಮ ಕೈಯಲ್ಲಿ ಇಲ್ಲ. ಆದರೆ ನಮ್ಮ ಹಿತ್ತಲ ಮರ ನಮ್ಮ ಕೈಯಲ್ಲಿ ಉಂಟು. ಹಣ್ಣು ಉಪಯೋಗಕ್ಕೆ ಬಂದರೆ ಮರಕ್ಕೆ ಬೆಲೆ ಬರುತ್ತದೆ. ಬೆಲೆ ಇರುವ ಮರವನ್ನು ಯಾರೂ ಬೇಗ ಕಡಿಯುವುದಿಲ್ಲ.

ಹಾಗಾದರೆ ಇಷ್ಟು ಹಣ್ಣನ್ನು ಏನು ಮಾಡುವುದು? ಹಣ್ಣು ಮಾಡುವುದು ಹೇಗೆ? ಅಡಿಗೆಗೆ ಬಳಸುವುದು ಹೇಗೆ? ಮಳೆಗಾಲಕ್ಕೆ ಉಳಿಸುವುದು ಹೇಗೆ? ಈ ಪಾಠದಲ್ಲಿ ಓದೋಣ.

ಒಂದೊಂದು ಮರ ಒಂದೊಂದು ರುಚಿ

ಅಂಗಡಿಯಲ್ಲಿ ಸಿಗುವ ಮಲ್ಲಿಕಾ, ಬಾದಾಮಿ ಕಸಿ ಮಾವು. ಎಲ್ಲಿ ಬೆಳೆದರೂ ಹೆಚ್ಚುಕಡಿಮೆ ಒಂದೇ ರುಚಿ. ಕಾಟು ಮಾವು ಹಾಗಲ್ಲ. ಅದು ಗೊರಟಿನಿಂದ ಹುಟ್ಟಿದ ಮರ. ತಾಯಿ ಮರದ ಹಣ್ಣಿನ ಹಾಗೆಯೇ ಮಗಳ ಮರದ ಹಣ್ಣು ಇರಬೇಕೆಂದಿಲ್ಲ. ಒಂದು ಮರದ್ದು ಜೇನಿನ ಹಾಗೆ ಸಿಹಿ. ಪಕ್ಕದ ಮರದ್ದು ಹಲ್ಲು ಚಳಿಯುವಷ್ಟು ಹುಳಿ. ಒಂದರಲ್ಲಿ ನಾರು ಹೆಚ್ಚು. ಇನ್ನೊಂದರಲ್ಲಿ ರಸ ಹೆಚ್ಚು.

ಇದು ದೋಷವಲ್ಲ. ಸಿಹಿ ಹಣ್ಣು ತಿನ್ನಲು ಒಳ್ಳೆಯದು. ಹುಳಿಸಿಹಿ ಹಣ್ಣು ಗೊಜ್ಜಿಗೆ, ಸಾಸಿವೆಗೆ ಒಳ್ಳೆಯದು. ರಸ ಹೆಚ್ಚಿರುವುದು ಮಾಂಬಳಕ್ಕೆ. ಗಟ್ಟಿ ಸಿಪ್ಪೆಯ ಹುಳಿಕಾಯಿ ಉಪ್ಪುನೀರಿಗೆ. ಯಾವ ಮರ ಯಾವುದಕ್ಕೆ ಎಂದು ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠ ಇತ್ತು. ಅವರು ಬರೆದಿಡಲಿಲ್ಲ. ಅವರಿಗೆ ಬರೆಯಲು ಯಾರೂ ಕಲಿಸಲಿಲ್ಲ. ನಾವು ಕಲಿತಿದ್ದೇವೆ. ನಾವು ಬರೆದಿಡೋಣ.

ಬಲಿತ ಕಾಯಿ ಯಾವುದು?

ಹಣ್ಣಾಗಬೇಕಾದರೆ ಕಾಯಿ ಮೊದಲು ಬಲಿಯಬೇಕು. ಬಲಿತ ಕಾಯಿಯನ್ನು ಕೊಯ್ದಿಟ್ಟರೆ ಮನೆಯಲ್ಲಿ ಹಣ್ಣಾಗುತ್ತದೆ. ಎಳೆಯ ಕಾಯಿ ಹಣ್ಣಾಗುವುದಿಲ್ಲ. ಬಾಡಿ ಸುಕ್ಕಾಗುತ್ತದೆ. ರುಚಿ ಬರುವುದಿಲ್ಲ.

ಬಲಿತದ್ದು ಗೊತ್ತಾಗುವುದು ಹೇಗೆ? ಮೂರು ಗುರುತು ನೆನಪಿಡೋಣ.

1. ತೊಟ್ಟಿನ ಹತ್ತಿರ ಕಾಯಿಯ ಹೆಗಲು ತುಂಬಿ ಬಂದಿರುತ್ತದೆ. ತೊಟ್ಟು ಸ್ವಲ್ಪ ಒಳಗೆ ಹೋದ ಹಾಗೆ ಕಾಣುತ್ತದೆ.

2. ಮರದಿಂದ ಒಂದೆರಡು ಒಳ್ಳೆಯ ಹಣ್ಣು ತಾನಾಗಿ ಬೀಳಲು ಸುರುವಾಗಿದೆ.

3. ಬಕೆಟ್ ನೀರಿಗೆ ಕಾಯಿ ಹಾಕಿದರೆ ಬಲಿತದ್ದು ಮುಳುಗುತ್ತದೆ. ಎಳತು ತೇಲುತ್ತದೆ.

ಮೂರನೆಯ ಗುರುತು ತುಂಬಾ ಸುಲಭ. ಮುಳುಗಿದ್ದನ್ನು ಒರೆಸಿ ಹಣ್ಣಿಗೆ ಇಡೋಣ. ತೇಲಿದ್ದನ್ನು ಚಟ್ನಿಗೆ, ಸಾರಿಗೆ, ಮೀನು ಸಾರಿಗೆ ಹಾಕೋಣ.

ಕೊಯ್ಯುವುದು

ಬಿದ್ದ ಹಣ್ಣಿಗೆ ಪೆಟ್ಟು ಬಿದ್ದಿರುತ್ತದೆ. ಪೆಟ್ಟು ಬಿದ್ದ ಜಾಗದಿಂದಲೇ ಕೊಳೆ ಸುರು. ಆದ್ದರಿಂದ ಉಳಿಸಿ ಇಡಲು ಬೇಕಾದದ್ದನ್ನು ಕೊಯ್ಯಬೇಕು. ದೋಟಿಯ ತುದಿಗೆ ಚಿಕ್ಕ ಬಲೆ ಕಟ್ಟಿದರೆ ಕಾಯಿ ನೆಲಕ್ಕೆ ಬೀಳುವುದಿಲ್ಲ. ಕರೆಂಟಿನ ತಂತಿ ಹತ್ತಿರ ಇದ್ದರೆ ಕಬ್ಬಿಣದ ಅಥವಾ ಅಲ್ಯುಮಿನಿಯಂ ದೋಟಿ ಖಂಡಿತಾ ಬೇಡ. ಹಸಿ ಬಿದಿರು ಕೂಡ ಅಪಾಯ. ತಂತಿಯ ಹತ್ತಿರದ ಗೆಲ್ಲಿನ ಹಣ್ಣು ಹಕ್ಕಿಗೆ ಇರಲಿ.

ಕೊಯ್ಯುವಾಗ ಬೆರಳಿನ ಒಂದು ಗೆಣ್ಣಿನಷ್ಟು ತೊಟ್ಟು ಇರಲಿ. ತೊಟ್ಟು ಪೂರಾ ಕಿತ್ತರೆ ಸೊನೆ ಹಾರುತ್ತದೆ. ಸೊನೆ ತಾಗಿದಲ್ಲಿ ಸಿಪ್ಪೆ ಕಪ್ಪಾಗುತ್ತದೆ. ನಮ್ಮ ಕೈ, ಮುಖಕ್ಕೆ ತಾಗಿದರೆ ಸುಡುತ್ತದೆ, ಹುಣ್ಣಾಗುತ್ತದೆ. ಕೂಡಲೇ ಸಾಬೂನು ಹಾಕಿ ತೊಳೆಯಬೇಕು.

ಹಣ್ಣು ಮಾಡುವುದು ಹೇಗೆ?

ನಮ್ಮ ಹಿರಿಯರು ಬೈಹುಲ್ಲಿನಲ್ಲಿ ಇಡುತ್ತಿದ್ದರು. ಇಂದಿಗೂ ಅದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲಿ ಬೇರೆ ಇಲ್ಲ. ಬೈಹುಲ್ಲಿನಲ್ಲಿ ಎಂತ ಉಂಟು?

ಮಾವು ಬಲಿತ ಮೇಲೆ ತನ್ನೊಳಗಿಂದ ಒಂದು ಗಾಳಿ ಬಿಡುತ್ತದೆ. ಅದರ ಹೆಸರು ಎಥಿಲೀನ್. ಅದು ಕಣ್ಣಿಗೆ ಕಾಣುವುದಿಲ್ಲ. ಈ ಗಾಳಿ ತಾಗಿದರೆ ಕಾಯಿ ಹಣ್ಣಾಗುತ್ತದೆ. ಹಸಿರು ಹೋಗಿ ಹಳದಿ ಬರುತ್ತದೆ. ಹುಳಿ ಕಡಿಮೆಯಾಗಿ ಸಿಹಿ ಬರುತ್ತದೆ. ಗಟ್ಟಿ ಇದ್ದದ್ದು ಮೆತ್ತಗಾಗುತ್ತದೆ. ಬೈಹುಲ್ಲು ಈ ಗಾಳಿಯನ್ನು ಕಾಯಿಯ ಸುತ್ತ ಹಿಡಿದಿಡುತ್ತದೆ. ಬೆಚ್ಚಗೆ ಇಡುತ್ತದೆ. ಹೆಚ್ಚಿನ ಪಸೆಯನ್ನು ಹೀರುತ್ತದೆ. ಕಾಯಿಗೆ ಕಾಯಿ ತಾಗಿ ಪೆಟ್ಟಾಗದಂತೆ ನೋಡುತ್ತದೆ. ಒಂದು ಹುಲ್ಲು, ನಾಲ್ಕು ಕೆಲಸ!

ಮಾಡುವ ಕ್ರಮ ಹೀಗೆ:

ಮೊದಲು ಕಾಯಿಗಳನ್ನು ತೊಟ್ಟು ಕೆಳಗೆ ಮಾಡಿ ಒಂದೆರಡು ಗಂಟೆ ಇಡಿ. ಸೊನೆ ಇಳಿಯಲಿ. ಆಮೇಲೆ ತೊಳೆದು, ಒರೆಸಿ, ನೆರಳಿನಲ್ಲಿ ಆರಿಸಿ.

ಬುಟ್ಟಿ ಅಥವಾ ಮರದ ಪೆಟ್ಟಿಗೆಯಲ್ಲಿ ಒಣ ಬೈಹುಲ್ಲು ಹಾಸಿ. ಅದರ ಮೇಲೆ ಒಂದು ಸಾಲು ಕಾಯಿ. ಮತ್ತೆ ಹುಲ್ಲು. ಮತ್ತೆ ಕಾಯಿ. ಮೂರು ಸಾಲಿಗಿಂತ ಹೆಚ್ಚು ಬೇಡ. ಮೇಲೆ ಗೋಣಿ ಮುಚ್ಚಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ. ಬೆವರಿ ಕೊಳೆಯುತ್ತದೆ.

ಬೇಗ ಹಣ್ಣಾಗಬೇಕಾ? ಒಂದೆರಡು ಹಣ್ಣಾದ ಬಾಳೆಹಣ್ಣನ್ನು ಜೊತೆಯಲ್ಲಿ ಇಡಿ. ಬಾಳೆಹಣ್ಣು ಕೂಡ ಅದೇ ಗಾಳಿ ಬಿಡುತ್ತದೆ.

ದಿನಕ್ಕೊಮ್ಮೆ ತೆಗೆದು ನೋಡಿ. ಹಣ್ಣಾದದ್ದನ್ನು ಬೇರೆ ಮಾಡಿ. ಕಪ್ಪು ಕಲೆ ಬಂದದ್ದನ್ನು ಕೂಡಲೇ ತೆಗೆಯಿರಿ. ಒಂದು ಕೊಳೆತರೆ ಹತ್ತು ಕೊಳೆಯುತ್ತದೆ. ಸಾಧಾರಣ ನಾಲ್ಕರಿಂದ ಏಳು ದಿನದಲ್ಲಿ ಎಲ್ಲ ಹಣ್ಣಾಗುತ್ತದೆ.

ಕಾಯಿಯನ್ನು ಫ್ರಿಜ್ಜಿನಲ್ಲಿ ಇಟ್ಟರೆ ಸರಿಯಾಗಿ ಹಣ್ಣಾಗುವುದಿಲ್ಲ. ಚಳಿಗೆ ಅದು ಕೆಡುತ್ತದೆ. ಪೂರಾ ಹಣ್ಣಾದ ಮೇಲೆ ಬೇಕಾದರೆ ಇಡಬಹುದು.

ನೆನಪಿರಲಿ, ಎಲ್ಲ ಕಾಯಿಯನ್ನು ಒಂದೇ ದಿನ ಹಣ್ಣಿಗೆ ಇಡಬಾರದು. ಇಟ್ಟರೆ ಎಲ್ಲ ಒಂದೇ ದಿನ ಹಣ್ಣಾಗುತ್ತದೆ. ಮತ್ತೆ ಅದೇ ಕಷ್ಟ. ಇವತ್ತು ಒಂದು ಬುಟ್ಟಿ, ಮೂರು ದಿನ ಬಿಟ್ಟು ಇನ್ನೊಂದು ಬುಟ್ಟಿ. ಹೀಗೆ ಮಾಡಿದರೆ ಕೆಲಸ ಹಂಚಿಹೋಗುತ್ತದೆ.

ಕಾರ್ಬೈಡ್ ಬೇಡವೇ ಬೇಡ

ಕೆಲವು ವ್ಯಾಪಾರಿಗಳು ಕಾಯಿಯ ನಡುವೆ ಬೂದಿ ಬಣ್ಣದ ಕಲ್ಲಿನ ಪೊಟ್ಟಣ ಇಡುತ್ತಾರೆ. ಅದು ಕ್ಯಾಲ್ಸಿಯಂ ಕಾರ್ಬೈಡ್. ವೆಲ್ಡಿಂಗ್ ಕೆಲಸಕ್ಕೆ ಬಳಸುವ ವಸ್ತು. ಪಸೆ ತಾಗಿದರೆ ಅದರಿಂದ ಅಸಿಟಿಲೀನ್ ಎಂಬ ಗಾಳಿ ಹೊರಡುತ್ತದೆ. ಕಾಯಿ ಬೇಗ ಹಳದಿಯಾಗುತ್ತದೆ. ಆದರೆ ಆ ಕಲ್ಲಿನಲ್ಲಿ ಆರ್ಸೆನಿಕ್, ರಂಜಕ ಸೇರಿಕೊಂಡಿರುತ್ತವೆ. ಇವು ವಿಷ. ಬೆಂಕಿಯ ಅಪಾಯವೂ ಉಂಟು.

ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮದಂತೆ ಕಾರ್ಬೈಡಿನಿಂದ ಹಣ್ಣು ಮಾಡಿದ ಮಾವನ್ನು ಮಾರುವ ಹಾಗಿಲ್ಲ. ದೊಡ್ಡ ವ್ಯಾಪಾರಿಗಳಿಗೆ ಬೇರೆ ದಾರಿ ಕೊಟ್ಟಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಎಥಿಲೀನ್ ಗಾಳಿಯನ್ನೇ ಮಿತಿಯಲ್ಲಿ ಬಿಡಬಹುದು. ಇದು ಮಾವು ತಾನೇ ಬಿಡುವ ಗಾಳಿ. 2016ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಹೊರಗೆ ಎಲ್ಲ ಕಡೆ ಒಂದೇ ಹಳದಿ, ಒಳಗೆ ಗಟ್ಟಿ, ಹುಳಿ, ಪರಿಮಳವೇ ಇಲ್ಲ. ಅಂಗಡಿಯಲ್ಲಿ ಇಂಥ ಹಣ್ಣು ಕಂಡರೆ ಸಂಶಯಪಡಬೇಕು. ನಮ್ಮ ಹಿತ್ತಲ ಹಣ್ಣಿಗೆ ಈ ಸಂಶಯವೇ ಇಲ್ಲ.

ಬಿದ್ದ ಹಣ್ಣು: ತಿನ್ನುವ ಮೊದಲು ನೋಡೋಣ

ಬಿದ್ದ ಹಣ್ಣನ್ನು ದಿನಾ ಬೆಳಿಗ್ಗೆ ಹೆಕ್ಕಬೇಕು. ಹೆಕ್ಕಿ ಮೂರು ಪಾಲು ಮಾಡೋಣ.

ಒಂದನೆಯ ಪಾಲು: ಸಿಪ್ಪೆ ಒಡೆಯದ ಒಳ್ಳೆಯ ಹಣ್ಣು. ಚೆನ್ನಾಗಿ ತೊಳೆದು ಅಂದೇ ಬಳಸೋಣ.

ಎರಡನೆಯ ಪಾಲು: ಹಲ್ಲಿನ ಗುರುತು, ಕೊಕ್ಕಿನ ಗುರುತು ಇರುವ ಹಣ್ಣು. ಬಾವಲಿ ಕಚ್ಚಿರಬಹುದು. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಎಂಬ ಜ್ವರ ಬಂದು ಜನ ಸತ್ತರು. ಈ ರೋಗದ ವೈರಸ್ ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುತ್ತದೆ. ಕಚ್ಚಿದ ಜಾಗ ಕತ್ತರಿಸಿ ಉಳಿದದ್ದನ್ನು ತಿನ್ನುವುದು ಬೇಡ. ಇಡೀ ಹಣ್ಣನ್ನೇ ಬಿಡಬೇಕು. ದನಕ್ಕೂ ಹಂದಿಗೂ ಕೊಡಬಾರದು. ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಿಕೊಡಬೇಕು. ಬಾವಲಿಯನ್ನು ಕೊಲ್ಲುವುದೂ ಬೇಡ, ಓಡಿಸುವುದೂ ಬೇಡ. ಕಚ್ಚಿದ ಹಣ್ಣು ತಿನ್ನದಿದ್ದರೆ ಸಾಕು.

ಮೂರನೆಯ ಪಾಲು: ಹುಳ ಬಿದ್ದದ್ದು, ಕೊಳೆತದ್ದು. ಹಣ್ಣಿನ ನೊಣ ಮರದಲ್ಲಿರುವ ಹಣ್ಣಿಗೇ ಚುಚ್ಚಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಹುಳ ಆಗುತ್ತದೆ. ಹಣ್ಣು ಬಿದ್ದ ಮೇಲೆ ಹುಳ ಮಣ್ಣಿಗೆ ಇಳಿಯುತ್ತದೆ. ಮಣ್ಣಿನಲ್ಲಿ ನೊಣವಾಗಿ ಮತ್ತೆ ಹಾರುತ್ತದೆ. ಆದ್ದರಿಂದ ಹುಳದ ಹಣ್ಣನ್ನು ಮರದ ಅಡಿಯಲ್ಲಿ ಬಿಡಬಾರದು. ಎರಡು ಅಡಿ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಎರಡನೆಯ ಪಾಲನ್ನೂ ಅದೇ ಗುಂಡಿಗೆ ಹಾಕೋಣ. ಆಮೇಲೆ ಕೈ ತೊಳೆಯೋಣ.

ಇವತ್ತಿನ ಅಡಿಗೆಗೆ

*ಗೊಜ್ಜು.* ಚಿಕ್ಕ ಹಣ್ಣು 8 ಅಥವಾ 10 ತೆಗೆದುಕೊಳ್ಳಿ. ತೊಟ್ಟಿನ ಹತ್ತಿರದ ಸೊನೆ ಹಿಂಡಿ ತೆಗೆಯಿರಿ. ಸಿಪ್ಪೆ ಸುಲಿದು ಪಾತ್ರೆಯಲ್ಲಿ ಕಿವುಚಿ. ಗೊರಟು ಅಲ್ಲೇ ಇರಲಿ. ಒಂದು ಲೋಟ ನೀರು, ಉಪ್ಪು, ನಿಂಬೆ ಗಾತ್ರದ ಬೆಲ್ಲ, 2 ಹಸಿಮೆಣಸು ಸೇರಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಂದು ಒಣಮೆಣಸು, 7–8 ಎಸಳು ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡಿ. ಕುದಿಸುವ ಕೆಲಸ ಇಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಇದೊಂದೇ ಸಾಕು.

*ಸಾಸಿವೆ.* ಅರ್ಧ ತೆಂಗಿನಕಾಯಿ ತುರಿ, ಹುರಿದ 3 ಒಣಮೆಣಸು, ಅರ್ಧ ಚಮಚ ಹಸಿ ಸಾಸಿವೆ ನುಣ್ಣಗೆ ಕಡೆಯಿರಿ. ಸಿಪ್ಪೆ ಸುಲಿದ 10 ಹಣ್ಣಿಗೆ ಸೇರಿಸಿ. ಉಪ್ಪು, ಬೆಲ್ಲ ಹಾಕಿ. ಇದನ್ನೂ ಕುದಿಸುವುದಿಲ್ಲ. ಆದ್ದರಿಂದ ಅಂದಂದೇ ಉಣ್ಣಬೇಕು. ರಾತ್ರಿಗೆ ಉಳಿಸಬಾರದು.

*ಪುಳಿಶ್ಶೇರಿ.* ಕೇರಳದಿಂದ ಬಂದು ನೆಲ್ಯಾಡಿಯ ಕಡೆ ನೆಲೆಸಿದ ಮನೆಗಳಿವೆ. ಅವರ ಅಡಿಗೆ ಇದು. ಹಣ್ಣನ್ನು ಅರಿಸಿನ, ಮೆಣಸಿನಪುಡಿ, ಉಪ್ಪು ಹಾಕಿ ಬೇಯಿಸುತ್ತಾರೆ. ತೆಂಗಿನಕಾಯಿ, ಜೀರಿಗೆ ಕಡೆದು ಹಾಕುತ್ತಾರೆ. ಕೊನೆಗೆ ಕಡೆದ ಮೊಸರು ಹಾಕಿ, ಕುದಿಯುವ ಮೊದಲೇ ಇಳಿಸುತ್ತಾರೆ. ಕುದಿದರೆ ಮೊಸರು ಒಡೆಯುತ್ತದೆ.

ಒಂದೇ ಮರದ ಹಣ್ಣು. ಒಂದು ಮನೆಯಲ್ಲಿ ಗೊಜ್ಜು, ಒಂದು ಮನೆಯಲ್ಲಿ ಪುಳಿಶ್ಶೇರಿ, ಇನ್ನೊಂದು ಮನೆಯಲ್ಲಿ ಮೀನು ಸಾರಿನ ಹುಳಿ. ನೆರೆಮನೆಯ ಅಕ್ಕನನ್ನು ಕೇಳಿ ಕಲಿಯೋಣ, ಅಲ್ವಾ?

ಹಣ್ಣು ಮಾವು ಕಣ್ಣಿಗೂ ಒಳ್ಳೆಯದು. ಅದರ ಹಳದಿ ಬಣ್ಣದಿಂದ ನಮ್ಮ ದೇಹ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಹುಳಿಯಲ್ಲಿ ಸಿ ಜೀವಸತ್ವ ಉಂಟು. ಸಕ್ಕರೆ ಕಾಯಿಲೆ ಇರುವವರು ಮಾತ್ರ ಎಷ್ಟು ತಿನ್ನಬಹುದು ಎಂದು ಡಾಕ್ಟರರಲ್ಲಿ ಕೇಳಬೇಕು.

ಮಳೆಗಾಲಕ್ಕೆ ಉಳಿಸುವುದು

ಹಣ್ಣು ಯಾಕೆ ಕೊಳೆಯುತ್ತದೆ? ಕಣ್ಣಿಗೆ ಕಾಣದ ಸಣ್ಣ ಜೀವಿಗಳಿಂದ. ಬೂಸ್ಟು ಕೂಡ ಅಂಥದೇ. ಇವು ಬದುಕಲು ನೀರು ಬೇಕು. ನೀರು ಸಿಗದಂತೆ ಮಾಡಿದರೆ ಇವು ಬೆಳೆಯುವುದಿಲ್ಲ. ಬಿಸಿಲು ನೀರನ್ನು ಒಣಗಿಸುತ್ತದೆ. ಉಪ್ಪು ನೀರನ್ನು ಹಿಡಿದುಕೊಳ್ಳುತ್ತದೆ. ಸಕ್ಕರೆ, ಬೆಲ್ಲವೂ ಹಾಗೆಯೇ. ಹುಳಿ ಸಹಾಯಕ್ಕೆ ನಿಲ್ಲುತ್ತದೆ. ಇಷ್ಟೇ ಗುಟ್ಟು.

ಲೋಕದ ಎಲ್ಲ ಕಡೆ ಹೆಂಗಸರು ಇದನ್ನೇ ಮಾಡಿದ್ದಾರೆ. ತಣ್ಣಗಿನ ದೇಶಗಳಲ್ಲಿ ಪ್ಲಮ್ ಎಂಬ ಹುಳಿಸಿಹಿ ಹಣ್ಣು ಉಂಟು. ಅಲ್ಲಿಯೂ ಒಂದೇ ಸಲ ರಾಶಿ ಬೀಳುತ್ತದೆ. ಅವರು ಅದನ್ನು ಒಣಗಿಸುತ್ತಾರೆ, ಸಕ್ಕರೆ ಹಾಕಿ ಕಾಯಿಸುತ್ತಾರೆ. ಅವರಿಗೆ ಹಿಮ ಬೀಳುವ ಮೊದಲು ಕೆಲಸ ಮುಗಿಯಬೇಕು. ನಮಗೆ ಮಳೆ ಬರುವ ಮೊದಲು.

ನಮ್ಮ ತುಳುನಾಡಿನ ಲೆಕ್ಕದಲ್ಲಿ ಬೇಷ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅದು ಮೇ 24 ಅಥವಾ 25ಕ್ಕೆ ಬರುತ್ತದೆ. ಜೂನ್ ಮೊದಲ ವಾರ ಮಳೆಗಾಲ ಕಾಲಿಡುತ್ತದೆ. ಬಿಸಿಲಿನ ಕೆಲಸ ಪತ್ತನಾಜೆಯೊಳಗೆ ಮುಗಿಸಿದರೆ ಚಿಂತೆ ಇಲ್ಲ.

ಮಾಂಬಳ

ರಸ ಹೆಚ್ಚಿರುವ ಹಣ್ಣು ತೆಗೆದುಕೊಳ್ಳಿ. ತೊಳೆದು, ಸುಲಿದು, ಹಿಂಡಿ, ನಾರು ಸೋಸಿ. ಸ್ಟೀಲಿನ ಅಗಲ ತಟ್ಟೆಗೆ ತುಪ್ಪ ಅಥವಾ ತೆಂಗಿನೆಣ್ಣೆ ಸವರಿ. ರಸವನ್ನು ದೋಸೆಯಷ್ಟು ತೆಳ್ಳಗೆ ಹರಡಿ. ಬಿಸಿಲಿಗಿಡಿ. ಮೇಲೆ ತೆಳು ಬಟ್ಟೆ ಕಟ್ಟಿ, ನೊಣ ಕೂರದ ಹಾಗೆ. ಸಂಜೆ ಒಳಗೆ ತನ್ನಿ. ಮರುದಿನ ಅದರ ಮೇಲೆಯೇ ಇನ್ನೊಂದು ಪದರ ರಸ. ಹೀಗೆ ಐದಾರು ದಿನ. ಬೆರಳಿಗೆ ಅಂಟದಿದ್ದರೆ ಆಯಿತು. ಚೆನ್ನಾಗಿ ಒಣಗಿಸಿ, ಎಬ್ಬಿಸಿ, ಸುರುಳಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡಿ.

ಆಂಧ್ರದಲ್ಲಿ ಇದಕ್ಕೆ ಮಾಮಿಡಿ ತಾಂಡ್ರ ಎನ್ನುತ್ತಾರೆ. ಉತ್ತರದಲ್ಲಿ ಆಮ್ ಪಾಪಡ್. ಅಲ್ಲೆಲ್ಲ ಅಂಗಡಿಯಲ್ಲಿ ಮಾರುತ್ತಾರೆ.

ಆಟಿ ತಿಂಗಳಲ್ಲಿ ತರಕಾರಿ ಇಲ್ಲದಾಗ ಒಂದು ತುಂಡು ಮಾಂಬಳ ನೀರಿನಲ್ಲಿ ನೆನೆಸಿ. ಉಪ್ಪು, ಮೆಣಸು, ಒಗ್ಗರಣೆ ಹಾಕಿ. ಗೊಜ್ಜು ತಯಾರು.

ಮಧ್ಯದಲ್ಲಿ ಮಳೆ ಬಂದರೆ? ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಗೂಡು ಇದ್ದರೆ ಅದರೊಳಗೆ ಇಡಬಹುದು. ಆದರೆ ಅಲ್ಲಿ ಮೈಲುತುತ್ತು, ಮದ್ದಿನ ಡಬ್ಬಿ ಇರಬಾರದು. ಬೂಸ್ಟು ಬಂದ ಮಾಂಬಳವನ್ನು ಕೆರೆದು ತಿನ್ನಬಾರದು. ಎಸೆಯಬೇಕು.

ಒಣ ಹೋಳು

ಎಳೆಯ ಹುಳಿಕಾಯಿಯನ್ನು ಸುಲಿದು ತೆಳ್ಳಗೆ ಹೋಳು ಮಾಡಿ. ಸ್ವಲ್ಪ ಉಪ್ಪು ಬೆರೆಸಿ ನಾಲ್ಕೈದು ಬಿಸಿಲು ಒಣಗಿಸಿ. ಮುರಿದರೆ ಟಕ್ ಎನ್ನಬೇಕು. ಹಾಗೇ ಇಡಬಹುದು, ಪುಡಿ ಮಾಡಿಯೂ ಇಡಬಹುದು. ಸಾರು, ಸಾಂಬಾರಿಗೆ ಹುಣಸೆಯ ಬದಲು ಇದು ಆಗುತ್ತದೆ. ಹುಣಸೆಗೆ ಕೊಡುವ ದುಡ್ಡು ಉಳಿಯಿತಲ್ಲ!

ಉಪ್ಪುನೀರಿನ ಮಾವು

ಇದಕ್ಕೆ ಬಲಿತ ಗಟ್ಟಿ ಕಾಯಿಯೇ ಬೇಕು. ಕೈಯಲ್ಲಿ ಕೊಯ್ದದ್ದಾಗಬೇಕು. ಬಿದ್ದದ್ದು, ಗೀರಿದ್ದು ಬೇಡ. ತೊಳೆದು ಒರೆಸಿ ಪಸೆ ಆರಿಸಿ.

ಲೆಕ್ಕ ಹೀಗೆ:

ಕಾಯಿ 4 ಕಿಲೋ.
ನೀರು 3 ಲೀಟರ್.
ಕಲ್ಲುಪ್ಪು 1¼ ಕಿಲೋ, ಅಂದರೆ 1250 ಗ್ರಾಂ.

ನೀರಿಗೆ ಉಪ್ಪು ಹಾಕಿ ಕುದಿಸಿ. ಪೂರಾ ತಣಿಯಲಿ. ಬಟ್ಟೆಯಲ್ಲಿ ಸೋಸಿ. ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಕಾಯಿ ತುಂಬಿಸಿ, ಉಪ್ಪುನೀರು ಹೊಯ್ಯಿರಿ. ಕಾಯಿ ತೇಲಬಾರದು. ಮೇಲೆ ಪಿಂಗಾಣಿ ತಟ್ಟೆ ಇಟ್ಟು, ಅದರ ಮೇಲೆ ಕುದಿಸಿ ತೊಳೆದ ಕರಿಕಲ್ಲು ಇಡಿ. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿ. ಒಂದು ತಿಂಗಳು ಮುಟ್ಟಬೇಡಿ.

ಆಮೇಲೆ ಬೇಕಾದಷ್ಟನ್ನು ಒಣ ಸೌಟಿನಲ್ಲಿ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ. ಚಟ್ನಿ ಮಾಡಿ, ಗೊಜ್ಜು ಮಾಡಿ. ಗಂಜಿಯೊಟ್ಟಿಗೆ ತುಂಬಾ ರುಚಿ. ಕಾಯಿ ಲೊಳೆಯಾದರೆ, ಕೆಟ್ಟ ವಾಸನೆ ಬಂದರೆ ಬಳಸಬಾರದು. ರಕ್ತದೊತ್ತಡ ಇರುವವರು ಇದನ್ನು ಕಡಿಮೆ ಮಾಡಬೇಕು.

ಪಾತ್ರೆಯ ವಿಷಯ ಮರೆಯಬಾರದು. ಹುಳಿ, ಉಪ್ಪು ಎರಡೂ ಸೇರಿದರೆ ಅಲ್ಯುಮಿನಿಯಂ, ತಾಮ್ರವನ್ನು ತಿನ್ನುತ್ತವೆ. ಅದು ನಮ್ಮ ಹೊಟ್ಟೆಗೆ ಸೇರುತ್ತದೆ. ಭರಣಿ ಅಥವಾ ಗಾಜು ಒಳ್ಳೆಯದು. ಪೈಂಟಿನ ಡಬ್ಬಿ, ಮೈಲುತುತ್ತಿನ ಡ್ರಮ್ಮು ಎಷ್ಟು ತೊಳೆದರೂ ಬೇಡ.

ಜಾಮ್

ಸೋಸಿದ ರಸ 1 ಕಿಲೋ. ಸಕ್ಕರೆ ¾ ಕಿಲೋ. ದಪ್ಪ ತಳದ ಸ್ಟೀಲು ಪಾತ್ರೆಯಲ್ಲಿ ಸಣ್ಣ ಬೆಂಕಿಯಲ್ಲಿ ಕೈ ಬಿಡದೆ ಮಗುಚಿ. ಒಂದು ಹನಿ ತಟ್ಟೆಗೆ ಹಾಕಿ, ಓರೆ ಮಾಡಿ. ಹರಿಯದಿದ್ದರೆ ಆಯಿತು. ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟ್ಲಿಗೆ ಬಿಸಿ ಇರುವಾಗಲೇ ತುಂಬಿಸಿ. ಹುಳಿ ಹಣ್ಣಿನದು ಚೆನ್ನಾಗಿ ಗಟ್ಟಿಯಾಗುತ್ತದೆ. ಅಂಗಡಿ ಜಾಮಿನ ಬಣ್ಣ ಇದಕ್ಕೆ ಬೇಡ.

ಭರಣಿಗೊಂದು ಚೀಟಿ

ಇಲ್ಲಿ ನಮ್ಮ ಅಕ್ಷರ ಕೆಲಸಕ್ಕೆ ಬರುತ್ತದೆ. ಪ್ರತಿ ಭರಣಿಗೂ, ಡಬ್ಬಿಗೂ ಒಂದು ಚೀಟಿ ಅಂಟಿಸೋಣ. ಹೀಗೆ ಬರೆಯೋಣ:

ಒಳಗೆ ಏನು: ಉಪ್ಪುನೀರಿನ ಮಾವು.
ಯಾವ ಮರ: ಬಾವಿಕಟ್ಟೆಯ ಮರ.
ಹಾಕಿದ ತಾರೀಕು: ಮೇ 10.
ತೆಗೆಯುವ ತಾರೀಕು: ಜೂನ್ 10.
ಕಾಯಿ 4 ಕಿಲೋ, ಉಪ್ಪು 1¼ ಕಿಲೋ.

ಯಾಕೆ ಬರೆಯಬೇಕು? ಈ ವರ್ಷ ಚೆನ್ನಾಗಿ ಬಂದರೆ ಬರುವ ವರ್ಷ ಅದೇ ಅಳತೆ ಹಾಕಬಹುದು. ಕೆಟ್ಟರೆ ಎಲ್ಲಿ ವ್ಯತ್ಯಾಸ ಆಯಿತು ಎಂದು ನೋಡಬಹುದು. ಮೊದಲು ಹಾಕಿದ್ದನ್ನು ಮೊದಲು ತೆಗೆಯಬಹುದು.

ಸಂಘದ ಅಕ್ಕಂದಿರು ಸೇರಿ ಮಾರುವುದಾದರೆ ಚೀಟಿ ಬೇಕೇ ಬೇಕು. ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಬೆಲೆ ಹಾಕುವಾಗ ಉಪ್ಪು, ಸಕ್ಕರೆ, ಗ್ಯಾಸ್, ಬಾಟ್ಲಿ, ಬಸ್ಸಿನ ಖರ್ಚು ಬರೆಯೋಣ. ಕೆಳಗೆ ಇನ್ನೊಂದು ಸಾಲು ಬರೆಯೋಣ: ನಮ್ಮ ಕೂಲಿ. "ಹಣ್ಣು ಪುಕ್ಕಟೆ, ಕೆಲಸ ಮನೆಯದ್ದು" ಎಂದು ಕೂಲಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಐದು ದಿನ ಬಿಸಿಲಿನಲ್ಲಿ ನಿಂತವರು ನಾವು. ನಮ್ಮ ದಿನಕ್ಕೂ ಬೆಲೆ ಉಂಟು. ಹೆಚ್ಚಿನ ತರಬೇತಿ ಬೇಕಾದರೆ ಮಂಗಳೂರಿನ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಉಂಟು. ಅಲ್ಲಿ ಕೇಳಬಹುದು.

ಮರದ ಪುಸ್ತಕ

ಕೊನೆಯದಾಗಿ ಒಂದು ಕೆಲಸ. ಒಂದು ನೂರು ಪುಟದ ಪುಸ್ತಕ ತನ್ನಿ. ಒಂದು ಮರಕ್ಕೆ ಒಂದು ಪುಟ. ಮರ ಎಲ್ಲಿ ಉಂಟು, ಯಾವ ವಾರ ಹಣ್ಣು ಬೀಳುತ್ತದೆ, ಸಿಹಿಯೋ ಹುಳಿಯೋ, ನಾರು ಎಷ್ಟು, ಯಾವ ಅಡಿಗೆಗೆ ಒಳ್ಳೆಯದು ಎಂದು ಬರೆಯಿರಿ. ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ ಬರೆಯಿರಿ. ಅಜ್ಜಿ ಹೇಳಲಿ, ನೀವು ಬರೆಯಿರಿ.

ತುಂಬಾ ಒಳ್ಳೆಯ ಮರ ಮುದಿಯಾಗಿದ್ದರೆ ಅದರ ಗೊರಟು ನೆಟ್ಟರೆ ಸಾಲದು. ಗೊರಟಿನಿಂದ ಅದೇ ರುಚಿ ಬರುತ್ತದೆಂದು ಹೇಳುವ ಹಾಗಿಲ್ಲ. ಕಸಿ ಕಟ್ಟಬೇಕು. ಮಳೆಗಾಲದಲ್ಲಿ ಮೊಳೆತು ಹತ್ತು–ಹದಿನೈದು ದಿನ ಆದ ಯಾವುದೇ ಮಾವಿನ ಎಳೆ ಸಸಿಗೆ ಒಳ್ಳೆಯ ಮರದ ಬಲಿತ ಕಡ್ಡಿ ಕೂಡಿಸುತ್ತಾರೆ. ಇದಕ್ಕೆ ಗೊರಟು ಕಸಿ ಎನ್ನುತ್ತಾರೆ. ಆಗ ಹೊಸ ಗಿಡದಲ್ಲಿಯೂ ಅದೇ ರುಚಿ. ಕಸಿ ಕಟ್ಟಲು ಬಲ್ಲವರು ಊರಿನಲ್ಲಿ ಇರುತ್ತಾರೆ. ಹೆಂಗಸರೂ ಕಲಿಯಬಹುದು. ಕತ್ತಿಯಲ್ಲ, ಕೈಯ ನಯ ಬೇಕಾದ ಕೆಲಸ ಅದು.

ಮುಂದಿನ ಸಲ ಮನೆಯಲ್ಲಿ "ಈ ಮರದಿಂದ ಎಂತ ಲಾಭ?" ಎಂದು ಯಾರಾದರೂ ಕೇಳಿದರೆ ಪುಸ್ತಕ ತೆರೆಯಿರಿ. ಆ ಮರದ ಪುಟವನ್ನು ಗಟ್ಟಿಯಾಗಿ ಓದಿ ಹೇಳಿ.

ಉತ್ತರ ಹೇಳೋಣ, ಬರೆಯೋಣ

1. ಬಲಿತ ಕಾಯಿ ನೀರಿನಲ್ಲಿ ಮುಳುಗುತ್ತದೆಯೋ, ತೇಲುತ್ತದೆಯೋ?

2. ಕಾರ್ಬೈಡ್ ಯಾಕೆ ಬೇಡ?

3. ಬಾವಲಿ ಕಚ್ಚಿದ ಹಣ್ಣನ್ನು ಏನು ಮಾಡಬೇಕು?

4. ಉಪ್ಪುನೀರಿಗೆ ನಿಮ್ಮಲ್ಲಿ 2 ಕಿಲೋ ಕಾಯಿ ಮಾತ್ರ ಉಂಟು. ನೀರು ಎಷ್ಟು? ಉಪ್ಪು ಎಷ್ಟು? (ಉತ್ತರ: ನೀರು 1½ ಲೀಟರ್. ಉಪ್ಪು 625 ಗ್ರಾಂ.)

5. ನಿಮ್ಮ ಹಿತ್ತಲಿನ ಒಂದು ಮಾವಿನ ಮರದ ಬಗ್ಗೆ ಐದು ವಾಕ್ಯ ಬರೆಯಿರಿ. ಅದೇ ನಿಮ್ಮ ಮರದ ಪುಸ್ತಕದ ಮೊದಲ ಪುಟ.